ಸೊಟ್ಟಕೊಂಬಿನ ಉಡುಸಲಮ್ಮನ ಮಗ

ಹಿಂದೂಪುರದಲ್ಲಿ ನಮ್ಮ ಕಾಲೇಜಿನ ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ ಸಿಬ್ಬಂದಿಯ ಹೆಸರಿನ ಬೋರ್ಡಿದೆ. ಅದರಲ್ಲಿ ಕಂಪ್ಯೂಟರ್ ಲ್ಯಾಬಿನವನ ಹೆಸರು ಆರ್. ಆಂಜನ್ ಎಂದಿತ್ತು. ಹೆತ್ತವರು ಇಟ್ಟ ಹೆಸರು ರಾಮಾಂಜಿ. ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ರಾಮಾಂಜಿ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅದಕ್ಕೇ ಬದಲಾಯಿಸಿಕೊಂಡೆ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ನಾನು ನಂಬಲಿಲ್ಲ. ನಾನು ಆದಿಲಕ್ಷ್ಮಿ, ಅದೇ ಕಾಲೇಜಿನಲ್ಲಿ ಟ್ಯಾಲಿ ಕಲಿಸುವವಳು. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ.

ಅವನ ಊರು ಕುಂದುರ್ಪಿಯ ಹತ್ತಿರ. ಆ ಕಡೆ ಹೆಸರುಗಳು ಕಡಿಮೆ, ಜನ ಜಾಸ್ತಿ. ಗಂಡು ಹುಟ್ಟಿದರೆ ರಾಮಾಂಜಿ, ಹೆಣ್ಣು ಹುಟ್ಟಿದರೆ ದೇವಿಯ ಹೆಸರು ಉಡುಸಲಮ್ಮ. ಒಂದೇ ಬೀದಿಯಲ್ಲಿ ಮೂವರು ಉಡುಸಲಮ್ಮಂದಿರಿದ್ದರೂ ಯಾರಿಗೂ ತೊಂದರೆಯಿಲ್ಲ. ಮನೆಯ ಅಡ್ಡಹೆಸರನ್ನು ಮುಂದೆ ಹಚ್ಚಿಬಿಡುತ್ತಾರೆ: ಮಜ್ಜಿಗೆ ಉಡುಸಲಮ್ಮ, ಬಾವಿಕಟ್ಟೆ ಉಡುಸಲಮ್ಮ. ರಾಮಾಂಜಿಯ ತಾತ ಒಂದು ಟಗರು ಸಾಕಿದ್ದನಂತೆ. ಅದರ ಒಂದು ಕೊಂಬು ಸೊಟ್ಟಗೆ ಬೆಳೆದು ಕಣ್ಣಿನ ಹತ್ತಿರಕ್ಕೆ ಬಂದಿತ್ತಂತೆ. ಟಗರೂ ಹೋಯಿತು, ತಾತನೂ ಹೋದ, ಕೊಂಬು ಮಾತ್ರ ಮನೆಗೆ ಅಂಟಿಕೊಂಡು ಉಳಿಯಿತು. ಅವನ ತಾಯಿ ಸೊಟ್ಟಕೊಂಬಿನ ಉಡುಸಲಮ್ಮ, ಅವನು ಸೊಟ್ಟಕೊಂಬಿನ ರಾಮಾಂಜಿ. ಇದರಲ್ಲಿ ಬೈಗುಳ ಏನೂ ಇಲ್ಲ. ಅದಿಲ್ಲದಿದ್ದರೆ ಊರಿನ ಪೋಸ್ಟ್‌ಮ್ಯಾನ್‌ಗೇ ಮನೆ ಗೊತ್ತಾಗುವುದಿಲ್ಲ.

ಒಮ್ಮೆ ಅವನ ಮೊಬೈಲು ಸಿಗದೆ ತಾಯಿ ಕಾಲೇಜಿನ ಆಫೀಸಿಗೇ ಫೋನು ಮಾಡಿದಳು. "ಸೊಟ್ಟಕೊಂಬಿನ ರಾಮಾಂಜಿ ಅವ್ನೇನಪ್ಪಾ? ಅವ್ರವ್ವ ಮಾತಾಡೋದು" ಎಂದಳು. ಗುಮಾಸ್ತ ನಗು ತಡೆಯಲಾರದೆ ಕಾರಿಡಾರಿನಲ್ಲಿ ನಿಂತು ಅದೇ ಹೆಸರು ಹಿಡಿದು ಕೂಗಿದ. ಕೇಳಬೇಕೇ? ಮರುದಿನದಿಂದ ಅವನು ಲ್ಯಾಬಿಗೆ ಬಂದರೆ ಹಿಂದಿನ ಬೆಂಚಿನ ಹುಡುಗರು ಕಿವಿಯ ಮೇಲೆ ಬೆರಳು ಬಗ್ಗಿಸಿ ಕೊಂಬು ಮಾಡುತ್ತಿದ್ದರು. ಫೋನು ಬಂದ ದಿನವೇ ಸಂಜೆ ಟೀ ಅಂಗಡಿಯ ಮುಂದೆ ನಿಂತು ಅವನು ತಾಯಿಗೆ ಹೇಳಿದ್ದನ್ನು ನಾನೇ ಕೇಳಿದೆ.

"ಕಾಲೇಜಿಗೆ ಫೋನ್ ಮಾಡ್ಬ್ಯಾಡವ್ವಾ. ಮಾಡ್ಲೇಬೇಕು ಅಂದ್ರೆ ಆಂಜನ್ ಸಾರ್ ಅವ್ರಾ ಅಂತ ಕೇಳು. ಅವ್ರವ್ವ ಅಂತೇನೂ ಹೇಳ್ಬ್ಯಾಡ."

ಆ ಕಡೆಯಿಂದ "ಆಯ್ತು ಕಣಪ್ಪ" ಎಂದಷ್ಟೇ ಕೇಳಿಸಿತು.

"ಹೆತ್ತವಳ ಕೈಲಿ ಸಾರ್ ಅನ್ನಿಸ್ಕೊಂತೀಯೇನೋ ಮೂದೇವಿ?" ಎಂದು ನಾನು ರೇಗಿದೆ.

"ನಿಮಗೆ ಗೊತ್ತಾಗಲ್ಲ ಬಿಡಿ ಅಕ್ಕಾ" ಎಂದ. ಟೀ ಪೂರ್ತಿ ಕುಡಿಯದೆ ಹೋದ.

ಹಾಗೆಂದು ಅವನು ಕೆಟ್ಟವನಲ್ಲ. ತಿಂಗಳು ತಿಂಗಳು ಊರಿಗೆ ಹೋಗುತ್ತಿದ್ದ, ತಾಯಿಯ ಕಣ್ಣಿನ ಆಪರೇಷನ್ನಿಗೆ ಓಡಾಡಿದವನು ಅವನೇ. ಊರಿನಲ್ಲಿ ಮಗ, ಹಿಂದೂಪುರದಲ್ಲಿ ಸಾರ್. ಎರಡೂ ಒಂದು ಕಡೆ ಸೇರದಂತೆ ನೋಡಿಕೊಂಡರೆ ಸಾಕು ಎಂದುಕೊಂಡಿದ್ದ. ಸೇರಿಸಿದ್ದು ಅವನೇ ಕಟ್ಟಿದ ಆಟ.

ನಮ್ಮ ಕಾಲೇಜಿಗೆ ಎರಡು ಕಡೆ ಕಟ್ಟಡ, ಹಿಂದೂಪುರದಲ್ಲೊಂದು, ಕಲ್ಯಾಣದುರ್ಗದಲ್ಲೊಂದು. ಎರಡಕ್ಕೂ ಒಡೆಯರು ಶಂಕರಯ್ಯನವರು. ಯುಗಾದಿಯ ಮರುದಿನ ಆಟ ಆಡುವುದು ನಮ್ಮ ಕಡೆ ವಾಡಿಕೆ. ಈ ವರ್ಷ ಎರಡು ಊರಿನವರೂ ಕಂಪ್ಯೂಟರಿನಲ್ಲಿ ಎದುರುಬದುರಾಗಿ ಆಡಲಿ, ಹಳ್ಳಿಯವರೂ ಬರಲಿ, ಕಾಲೇಜಿಗೂ ಹೆಸರು ಬರುತ್ತದೆ ಎಂದು ಅವರು ಹೇಳಿದ್ದೇ ತಡ, ರಾಮಾಂಜಿ ಎದ್ದು ನಿಂತು "ಹುಲಿಕುರಿ ಮಾಡ್ತೀನಿ ಸಾರ್" ಎಂದ.

ಹುಲಿಕುರಿ ಗೊತ್ತಿಲ್ಲದವರಿಗೆ ಎರಡು ಮಾತು. ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆದು ಆಡುವ ಆಟ. ಒಬ್ಬರದು ಮೂರು ಹುಲಿ, ಇನ್ನೊಬ್ಬರದು ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಯವರು ಒಂದೊಂದೇ ಕುರಿ ಇಡುತ್ತಾ ಹುಲಿ ಅಲ್ಲಾಡದಂತೆ ಸುತ್ತ ಕಟ್ಟಬೇಕು. ಅವನ ತಾಯಿ ಉಡುಸಲಮ್ಮ ಯಾವಾಗಲೂ ಕುರಿಯ ಕಡೆ. ಆಯಮ್ಮನ ಕುರಿಗಳ ನಡುವೆ ಸಿಕ್ಕ ಹುಲಿ ಹೊರಗೆ ಬಂದದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ. "ಇಟ್ಟ ಕುರಿ ಇಟ್ಟಂಗೆ" ಎನ್ನುವುದು ಆಯಮ್ಮನ ಮಾತು. ಒಮ್ಮೆ ಇಟ್ಟಮೇಲೆ ಸೋತರೂ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಬೇರೆಯವರು ಜಗಳವಾಡಿದರೆ ಲೆಕ್ಕ ಹೇಳಲು ಅವಳನ್ನೇ ಕರೆಯುತ್ತಿದ್ದರು. ಗಂಡ ಇಲ್ಲದ, ದೊಡ್ಡ ಮಗನ ಮನೆಯಲ್ಲಿ ಕಡಲೆಕಾಯಿ ಬಿಡಿಸಿಕೊಂಡಿರುವ ಹೆಂಗಸಿಗೆ ಆ ಕಟ್ಟೆಯ ಮೇಲೆ ಅಷ್ಟು ಮರ್ಯಾದೆಯಿತ್ತು.

ರಾಮಾಂಜಿ ಕಟ್ಟಿದ್ದು ಸಾಕೆಟ್ ಸರ್ವರ್ ಎಂಬುದನ್ನು. ನನಗೆ ಅರ್ಥವಾಗುವಂತೆ ಅವನು ಹೀಗೆ ಹೇಳಿದ: "ಸರ್ವರ್ ಅಂದ್ರೆ ಬಾಗಿಲಲ್ಲಿ ಕೂತ ಯಜಮಾನ ಅಕ್ಕಾ. ಮೊದಲು ಬಂದವರಿಗೆ, ಕೂತ್ಕೊಳ್ಳಿ, ಜೊತೆಯವರು ಬರ್ಲಿ ಅಂತಾನೆ. ಎರಡನೆಯವರು ಬಂದ ತಕ್ಷಣ ಇಬ್ಬರನ್ನೂ ಒಂದು ರೂಮಿಗೆ ಕಳಿಸಿ, ಅವರಿಗೇ ಅಂತ ಒಬ್ಬ ಆಳನ್ನ ಬಿಟ್ಟು, ತಾನು ಮತ್ತೆ ಬಾಗಿಲಿಗೆ ಬರ್ತಾನೆ." ಆ ಆಳಿಗೆ ಅವರ ಭಾಷೆಯಲ್ಲಿ ಥ್ರೆಡ್ಡು ಎನ್ನುತ್ತಾರಂತೆ. ಇವರು ಒತ್ತಿದ ನಡೆಯನ್ನು ಅವರಿಗೆ ಮುಟ್ಟಿಸುವುದು, ಸರಿಯೋ ತಪ್ಪೋ ನೋಡುವುದು, ಇವರ ಸರದಿ ಮುಗಿಯುವವರೆಗೆ ಅವರನ್ನು ತಡೆಯುವುದು ಅದರ ಕೆಲಸ. ಎಷ್ಟು ಜೋಡಿ ಬಂದರೆ ಅಷ್ಟು ಆಳು. ಹಾಗಾಗಿ ಒಬ್ಬರು ಯೋಚನೆ ಮಾಡುತ್ತಾ ಕೂತರೂ ಪಕ್ಕದ ಆಟ ನಿಲ್ಲುವುದಿಲ್ಲ.

ಇಷ್ಟೆಲ್ಲ ಚೆನ್ನಾಗಿ ಮಾಡಿದವನು ಒಂದು ಕಡೆ ಕೈ ಸಡಿಲ ಬಿಟ್ಟ. ದೊಡ್ಡ ಪರದೆಯ ಮೇಲೆ ಎಲ್ಲರ ಲೆಕ್ಕವನ್ನೂ ಒಟ್ಟಿಗೆ ತೋರಿಸಬೇಕಿತ್ತು. ಅದಕ್ಕಾಗಿ ಯಾರು ಎಷ್ಟು ಕುರಿ ಇಟ್ಟರು ಎಂಬ ಲೆಕ್ಕವನ್ನು ಆಯಾ ರೂಮಿನ ಆಳಿನ ಹತ್ತಿರ ಬಿಡದೆ, ಎಲ್ಲ ಆಳುಗಳಿಗೂ ಸೇರಿದ ಒಂದೇ ಜಾಗದಲ್ಲಿ, ಆಡುವವರ ಹೆಸರಿನ ಮೇಲೆ ಇಟ್ಟ.

ಜೊತೆಗೆ ಕೆಲಸ ಮಾಡುತ್ತಿದ್ದವಳು ಕಲ್ಯಾಣದುರ್ಗ ಕಾಲೇಜಿನ ಕೊನೆಯ ವರ್ಷದ ಮೌನಿಕಾ. ಹೆಸರು ಬರೆಸುವ ಪುಟ ಮಾಡಿದವಳು ಅವಳು. ಅದರಲ್ಲಿ "ಮನೆ ಹೆಸರು" ಎಂದು ಇನ್ನೊಂದು ಚೌಕ ಇಟ್ಟಿದ್ದಳು. ರಾಮಾಂಜಿ ಅದನ್ನು ನೋಡಿ ಮುಖ ಗಂಟಿಕ್ಕಿದ.

"ನಮ್ ಕಡೆ ಬರೀ ಹೆಸ್ರು ಕೇಳಿದ್ರೆ ಯಾರು ಅಂತ ಗೊತ್ತಾಗಲ್ಲ ಸಾರ್" ಎಂದಳು ಹುಡುಗಿ.

"ಇದೇನು ಹಳ್ಳಿ ಕಟ್ಟೇನಾ? ಅಷ್ಟು ದೊಡ್ಡ ಪರದೆ ಮೇಲೆ ಮಜ್ಜಿಗೆ, ಕುಂಟು, ಸೊಟ್ಟ ಅಂತೆಲ್ಲ ಬರ್ಬೇಕಾ? ನಾಲ್ಕು ಜನ ನೋಡಿದ್ರೆ ಏನಂತಾರೆ? ತೆಗಿ ಅದನ್ನ."

ಅವಳು ತೆಗೆದಳು. ತೆಗೆದದ್ದು ಯಾವ ಕೊಂಬು ಎಂದು ನನಗೆ ಗೊತ್ತಿತ್ತು. ಲ್ಯಾಬಿನ ಹುಡುಗರಿಂದ ಆಡಿಸಿ ನೋಡಿದರು. ಈಶ್ವರ್ ಒಬ್ಬ, ಕೊಟ್ರೇಶ್ ಒಬ್ಬ, ಒಬ್ಬೊಬ್ಬರದು ಒಂದೊಂದು ಹೆಸರು. ಆಟ ನೀರು ಹರಿದ ಹಾಗೆ ನಡೆಯಿತು.

ಯುಗಾದಿಯ ಮರುದಿನ ನಾನೂ ಕಲ್ಯಾಣದುರ್ಗಕ್ಕೆ ಹೋಗಿದ್ದೆ, ಬಹುಮಾನದ ಸ್ಟೀಲು ಸಾಮಾನು ಕಾಯುವುದಕ್ಕೆ. ಕುಂದುರ್ಪಿ ಬಸ್ಸಿನಿಂದ ಉಡುಸಲಮ್ಮ, ನೆರೆಮನೆಯ ಮುನೆಮ್ಮ, ಇನ್ನೂ ಕೆಲವು ಹೆಂಗಸರು ಇಳಿದು ಬಂದರು. ಆಯಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಮಗನನ್ನು ದೂರದಿಂದ ನೋಡಿದಳು, ಹತ್ತಿರ ಹೋಗಲಿಲ್ಲ. ಅವನೂ ಕಣ್ಣಲ್ಲೇ ಸನ್ನೆ ಮಾಡಿ ವೇದಿಕೆಯ ಕಡೆ ತಿರುಗಿದ. ಮೌನಿಕಾ ಆಯಮ್ಮನನ್ನು ಕೂರಿಸಿ ಮೌಸು ಹಿಡಿಯುವುದನ್ನು ತೋರಿಸಿಕೊಟ್ಟಳು.

ಎದುರಾಳಿ ಹಿಂದೂಪುರದಲ್ಲಿದ್ದ ಯಾರೋ ಅಂಗಡಿಯವರು. ಉಡುಸಲಮ್ಮ ಮೊದಲು ತಡವರಿಸಿದಳು, ಆಮೇಲೆ ಕೈ ಕುದುರಿತು. ಒಂದು ಹುಲಿಯನ್ನು ಮೂಲೆಗೆ ತಳ್ಳಿಯೂ ಬಿಟ್ಟಿದ್ದಳು. ಮುನೆಮ್ಮ ಹಿಂದೆ ನಿಂತು "ಹಾಕು ಹಾಕು, ಅಲ್ಲೇ ಹಾಕು" ಎನ್ನುತ್ತಿದ್ದಳು. ಆಯಮ್ಮ ಇನ್ನೊಂದು ಕುರಿ ಇಟ್ಟಳು. ಅಷ್ಟರಲ್ಲಿ ದೊಡ್ಡ ಪರದೆ ಕೆಂಪಾಗಿ ಗಂಟೆ ಹೊಡೆದುಕೊಂಡಿತು. "ಉಡುಸಲಮ್ಮ. ತಪ್ಪು ಆಟ. ಹದಿನೈದಕ್ಕಿಂತ ಹೆಚ್ಚು ಕುರಿ. ಆಟದಿಂದ ಹೊರಗೆ."

ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ಹೋ ಎಂದು ನಕ್ಕರು. "ಕುರಿ ಕದ್ಬುಟ್ಲು ಕಣ್ರೋ!" ಎಂದು ಯಾರೋ ಕೂಗಿದರು. ಕುರಿ ಮೇಯಿಸುವ ನಾಡಿನಲ್ಲಿ ಆ ಮಾತು ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಉಡುಸಲಮ್ಮ ಎದ್ದು ನಿಂತು "ಇಲ್ಲ ಕಣಪ್ಪ, ನಾನು ಇಟ್ಟಿಲ್ಲ, ಎಣಿಸ್ಕೊಳ್ರಪ್ಪಾ" ಎಂದಳು. ಅವಳ ಮುಂದಿನ ಕಂಪ್ಯೂಟರಿನಲ್ಲಿ ಕುರಿಗಳು ಇಟ್ಟ ಹಾಗೇ ಇದ್ದವು. ಎಣಿಸಿದ್ದರೆ ಹತ್ತೂ ಆಗುತ್ತಿರಲಿಲ್ಲ. ಯಾರೂ ಎಣಿಸಲಿಲ್ಲ. ದೊಡ್ಡ ಪರದೆ ಹೇಳಿದ ಮೇಲೆ ಸಣ್ಣದನ್ನು ಯಾರು ನೋಡುತ್ತಾರೆ?

ಶಂಕರಯ್ಯನವರು ವೇದಿಕೆಯಿಂದಲೇ "ಎವರಯ್ಯಾ ಈಯಮ್ಮ?" ಎಂದು ತೆಲುಗಿನಲ್ಲಿ ಕೇಳಿದರು, ಯಾರು ಈ ಹೆಂಗಸು ಎಂದು.

ರಾಮಾಂಜಿ ಮೈಕು ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದ. ನಮ್ಮವ್ವ ಸಾರ್ ಎಂದು ಹೇಳಬೇಕಾದ ಜಾಗ ಅದು. ನಾನು ಸ್ಟೀಲು ಸಾಮಾನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದೆ. ಅವನು "ಯಾರೋ ಹಳ್ಳಿಯವರು ಸಾರ್. ಎರಡೆರಡು ಸಲ ಒತ್ತಿರಬೇಕು. ಮಿಷನ್ ಸುಳ್ಳು ಹೇಳಲ್ಲ" ಎಂದ. ಕೈಯಲ್ಲಿದ್ದ ಮೈಕು ಆನ್ ಆಗಿಯೇ ಇತ್ತು. ಆ ಮಾತು ಶಾಮಿಯಾನಕ್ಕೆಲ್ಲ ಕೇಳಿಸಿತು.

ಮುನೆಮ್ಮ ಬಾಯಿ ತೆರೆದು ಏನೋ ಅನ್ನುವವಳಿದ್ದಳು. ಉಡುಸಲಮ್ಮ ಅವಳ ಕೈ ಹಿಡಿದು ಅದುಮಿದಳು. ಆಮೇಲೆ ವೇದಿಕೆಯ ಕಡೆ ತಿರುಗಿ ಕೈ ಮುಗಿದಳು.

"ಇರ್ಬೋದು. ವಯಸ್ಸಾತು, ಕಣ್ಣು ಕಾಣಾಕಿಲ್ಲ. ತಪ್ಪಾತು ಸಾರ್."

ಹೆಂಗಸರೆಲ್ಲ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಪರರ ಮಗ, ಇಲ್ಲದಿದ್ದರೆ ಅಲ್ಲೇ ಕೆನ್ನೆಗೆ ಬಾರಿಸುತ್ತಿದ್ದೆ.

ಸ್ವಲ್ಪ ಹೊತ್ತಿನಲ್ಲಿ ಗೆದ್ದವರನ್ನು ಕರೆದರು. "ಬ್ರಹ್ಮಸಮುದ್ರದ ಉಡುಸಲಮ್ಮನವರು ಬಂದು ಬಹುಮಾನ ತಗೋಬೇಕು" ಎಂದು ಮೌನಿಕಾ ಓದಿದಳು. ಓದಿದವಳು ಹಾಗೇ ನಿಂತುಬಿಟ್ಟಳು. ರಾಮಾಂಜಿಯ ಕಡೆ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತ್ತು.

ಆ ಹೊತ್ತಿನಲ್ಲಿ ಇಬ್ಬರು ಉಡುಸಲಮ್ಮಂದಿರು ಆಡುತ್ತಿದ್ದರು. ಇಬ್ಬರದೂ ಬೇರೆ ಬೇರೆ ಆಟ, ಇಬ್ಬರೂ ಕುರಿಯ ಕಡೆ. ರೂಮು ಬೇರೆ, ಆಳು ಬೇರೆ, ಆದರೆ ಹೆಸರೊಂದೇ ಆದ್ದರಿಂದ ಇಬ್ಬರ ಕುರಿಯೂ ಒಂದೇ ಲೆಕ್ಕಕ್ಕೆ ಬಿದ್ದಿತ್ತು. ಹದಿನಾರನೆಯ ಕುರಿ ಯಾರ ಕೈಯಿಂದ ಬಿತ್ತೋ ಅವರು ಕಳ್ಳರಾದರು. ಹೊರಗೆ ಹಾಕಿದ ಮೇಲೆ ಆ ಹೆಸರಿನ ಲೆಕ್ಕ ಅಳಿಸಿಹೋಗಿ, ಇನ್ನೊಬ್ಬ ಉಡುಸಲಮ್ಮ ನೆಮ್ಮದಿಯಿಂದ ಆಡಿ ಗೆದ್ದಳು. ಪಾಪ, ಆಕೆಗೆ ಏನೂ ಗೊತ್ತಿರಲಿಲ್ಲ. ಸ್ಟೀಲಿನ ಕೊಳಗ ಎತ್ತಿಕೊಂಡು ನಗುನಗುತ್ತಾ ಹೋದಳು. ಹೆಸರು ಒಂದೇ ಆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ ಎಂದು ನಮಗೆಲ್ಲ ಪಾಠ ಹೇಳುತ್ತಿದ್ದವನು ಬರೆದ ಪ್ರೋಗ್ರಾಮು ಇದು! ಬೇರೆ ಸೀಮೆಯವನಾಗಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು. ಇವನಿಗೆ ತಿಳಿದಿತ್ತು. ತಿಳಿದಿದ್ದನ್ನೇ ಮುಚ್ಚಿಡಲು ಹೋಗಿ ಮನೆಯ ಹೆಸರು ಕಿತ್ತು ಹಾಕಿದ್ದ.

ಹಿಂದೂಪುರದ ಬಸ್ಸಿನಲ್ಲಿ ನನ್ನ ಪಕ್ಕ ಕೂತ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ. "ಹೋಗಿ ಎಣಿಸಬೌದಿತ್ತು ಅಕ್ಕಾ. ಪಕ್ಕದಲ್ಲೇ ಇತ್ತು" ಎಂದ ಒಮ್ಮೆ. ನಾನು ಸಮಾಧಾನ ಹೇಳಲಿಲ್ಲ. ಕೆಲವು ನಾಚಿಕೆಗಳನ್ನು ಅನುಭವಿಸಲೇಬೇಕು.

ಲೆಕ್ಕವನ್ನು ಆಯಾ ಆಟದ ಆಳಿನ ಹತ್ತಿರವೇ ಇರುವಂತೆ ಬದಲಾಯಿಸಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಆ ವಾರವೇ ಊರಿಗೆ ಹೋದ. ಕಟ್ಟೆಯ ಮೇಲೆ ಹೆಂಗಸರು ಆಡುತ್ತಿದ್ದರು. ಅವನ ತಾಯಿ ಆಡುತ್ತಿರಲಿಲ್ಲ, ಒಂದು ಬದಿಗೆ ಕೂತು ನೋಡುತ್ತಿದ್ದಳು. ಯಾರೋ ಕರೆದರು. ಅವಳು ಬಂದು ಕೂತು ಮೊದಲ ಕುರಿ ಇಟ್ಟಾಗ ಎದುರಿನವಳು ನಕ್ಕು, "ಎಣಿಸಿಕೊಂಡು ಇಡಕ್ಕಾ, ಆಮ್ಯಾಕೆ ಜಾಸ್ತಿ ಆಗ್ಬುಟ್ಟಾತು" ಎಂದಳು. ಎಲ್ಲರೂ ನಕ್ಕರು. ಉಡುಸಲಮ್ಮನೂ ನಕ್ಕಂತೆ ಮಾಡಿ, ಒಲೆಯ ಮೇಲೆ ಏನೋ ಇಟ್ಟಿದ್ದೀನಿ ಎಂದು ಎದ್ದು ಹೋದಳು. ಬೀದಿಯ ತಿರುವಿನಲ್ಲಿ ನಿಂತು ಇದನ್ನೆಲ್ಲ ನೋಡಿದ ಮಗರಾಯ ಮುಂದಿನ ಬಸ್ಸಿಗೆ ವಾಪಸಾದ.

ಇದನ್ನು ಅವನು ನನಗೆ ಹೇಳಿದಾಗ ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದೆ.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ನಿಮ್ಮವ್ವಂದು ಕುರಿಗೆ ಹೋಯ್ತು, ಅದೂ ಕಂಪ್ಯೂಟರ್ ಕುರಿಗೆ! ಮೈಕಲ್ಲಿ ಕಳೆದವನು ನೀನು. ಬೀದಿ ತಿರುವಲ್ಲಿ ನಿಂತು ಅತ್ತರೆ ಬರುತ್ತೇನೋ?"

"ಶಂಕರಯ್ಯ ಸಾರ್ ಏನಂದ್ಕೊಂತಾರೆ ಅಕ್ಕಾ?"

"ಅದನ್ನೇ ಅಂದ್ಕೊಂಡು ಅಂದ್ಕೊಂಡು ಇಲ್ಲಿಗೆ ಬಂದೆ ನೀನು."

ಅವನು ಹೋಗಿ ಶಂಕರಯ್ಯನವರಿಗೆ ತಪ್ಪು ತನ್ನದೆಂದು ಹೇಳಿದ. ಅವರು ದೊಡ್ಡ ಮನಸ್ಸಿನವರೋ ಸೋಮಾರಿಗಳೋ, "ಪೋನೀಲೇವಯ್ಯಾ, ಹೋಗ್ಲಿ ಬಿಡು, ಯಾರೋ ಮುದುಕಿ, ಯಾರಿಗೆ ನೆನಪಿರುತ್ತೆ" ಎಂದು ಕೈ ಬೀಸಿದರು. ಹಿಂದಿನ ರಾಮಾಂಜಿಯಾಗಿದ್ದರೆ ಉಳಿದುಕೊಂಡೆ ಎಂದು ಬರುತ್ತಿದ್ದ. ಈ ಸಲ ಅಲ್ಲೇ ನಿಂತು, "ಯಾರೋ ಅಲ್ಲ ಸಾರ್. ನಮ್ಮ ತಾಯಿ" ಎಂದನಂತೆ. ಅವರು ಕನ್ನಡಕ ತೆಗೆದು ಅವನನ್ನು ಬಹಳ ಹೊತ್ತು ನೋಡಿದರಂತೆ. ಏನೂ ಕೇಳಲಿಲ್ಲವಂತೆ. ಅದೇ ಹೆಚ್ಚು ಸುಟ್ಟಿತು ಎಂದ.

ಕಲ್ಯಾಣದುರ್ಗದ ಕಾಲೇಜು ವಾರ್ಷಿಕೋತ್ಸವದಲ್ಲಿ ಮತ್ತೆ ಹುಲಿಕುರಿ ಇಟ್ಟರು. ಪುಟದಲ್ಲಿ ಮೌನಿಕಾಳ ಚೌಕ ವಾಪಸು ಬಂದಿತ್ತು. ಊರಿನಿಂದ ಮುನೆಮ್ಮ ಮತ್ತು ಉಳಿದ ಹೆಂಗಸರು ಬಂದರು. ಉಡುಸಲಮ್ಮ ಬರಲಿಲ್ಲ, ಕಾಲು ನೋವು ಎಂದಿದ್ದಳು. ರಾಮಾಂಜಿ ಮೈಕು ಹಿಡಿದ. ಇಂಗ್ಲಿಷು, ತೆಲುಗು ಎಲ್ಲ ಬಿಟ್ಟು ಮನೆಯ ಮಾತಿಗಿಳಿದ.

"ಯುಗಾದಿ ಆಟದಾಗೆ ಕುರಿ ಜಾಸ್ತಿ ಇಟ್ರು ಅಂತ ಒಬ್ರನ್ನ ಆಚೆಗೆ ಹಾಕಿದ್ವಿ. ಅವ್ರು ಇಟ್ಟಿರ್ಲಿಲ್ಲ. ಇಬ್ರು ಉಡುಸಲಮ್ಮಾರ ಲೆಕ್ಕ ಒಂದೇ ಕಡೀಕೆ ಬೀಳಂಗೆ ಮಾಡಿದ್ದು ನಾನು. ಎದ್ದು ಹೋಗಿ ಎಣಿಸ್ದೆ ಸುಳ್ಳು ಹೇಳಿದ್ದೂ ನಾನು. ಅವ್ರು ಸೊಟ್ಟಕೊಂಬಿನ ಉಡುಸಲಮ್ಮ. ನಾನು ಅವ್ರ ಮಗ, ಸೊಟ್ಟಕೊಂಬಿನ ರಾಮಾಂಜಿ."

ಹಿಂದಿನ ಸಾಲಿನಲ್ಲಿ ಒಂದಿಬ್ಬರು ಹುಡುಗರು ಕಿಸಕ್ಕೆಂದರು. ಮುನೆಮ್ಮ ಎದ್ದು ತಿರುಗಿ ನೋಡಿದಳು, ಸುಮ್ಮನಾದರು. ಚಪ್ಪಾಳೆ ಗಿಪ್ಪಾಳೆ ಏನೂ ಬೀಳಲಿಲ್ಲ. ಹೆತ್ತವಳನ್ನು ಯಾರೋ ಎಂದವನು ಹೌದು, ನಾನೇ ಎಂದರೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಅಲ್ಲಿಂದ ನೇರ ಊರಿಗೆ ಹೋದ. ಸುದ್ದಿ ಫೋನಿನಲ್ಲಿ ಅವನಿಗಿಂತ ಮೊದಲೇ ತಲುಪಿತ್ತು. ಕಟ್ಟೆಯಲ್ಲಿ ಯಾರದೋ ಜಗಳ, ಲೆಕ್ಕ ಹೇಳಲು ಉಡುಸಲಮ್ಮನನ್ನು ಕರೆಸಿದ್ದರು. ಅದು ಮುಗಿದ ಮೇಲೆ ತಾಯಿ ಮಗ ಒಂದಾಟ ಆಡಿದರು. ಅವನ ಮೂರು ಹುಲಿಯನ್ನೂ ಆಯಮ್ಮ ಕಟ್ಟಿ ಕೂರಿಸಿದಳು. ಆ ದಿನದ ಬಗ್ಗೆ ಅವಳು ಎತ್ತಲೇ ಇಲ್ಲ. ಕೊನೆಗೆ ಅವನೇ ಕೇಳಿದ.

"ಅವತ್ತು ನನ್ನ ಯಾಕವ್ವಾ ಸಾರ್ ಅಂದೆ?"

ಅವಳು ಕಲ್ಲುಗಳನ್ನು ಸೆರಗಿಗೆ ತುಂಬಿಕೊಳ್ಳುತ್ತಾ, "ನೀನೇ ಹೇಳಿದ್ದಲ್ಲೇನ್ಲಾ, ಹಂಗೇ ಅನ್ನು ಅಂತ" ಎಂದಳಂತೆ. ಕೋಪದಿಂದ ಅಂದಿದ್ದರೆ ಚೆನ್ನಾಗಿತ್ತು ಅಕ್ಕಾ, ಮಾಮೂಲಿಯಾಗಿ ಅಂದುಬಿಟ್ಟಳು ಎಂದು ಅವನು ನನಗೆ ಹೇಳಿದ.

ಈಗ ಬೋರ್ಡಿನ ಮೇಲೆ ಅವನ ಹೆಸರು ರಾಮಾಂಜಿ ಎಂದೇ ಇದೆ. ಹುಡುಗರಿಗೂ ಕೊಂಬು ಮಾಡಿ ಮಾಡಿ ಬೇಜಾರಾಗಿದೆ. ಎಲ್ಲ ಸರಿಹೋಯಿತು ಎಂದು ನಾನೂ ಅಂದುಕೊಂಡಿದ್ದೆ. ಮೊನ್ನೆ ಗುಮಾಸ್ತ ರಜೆ ಹಾಕಿದ್ದ, ಆಫೀಸಿನ ಫೋನು ನಾನೇ ಎತ್ತಿದೆ. ರಾಮಾಂಜಿ ಎದುರಿಗೇ ಪ್ರಿಂಟರಿನ ಹತ್ತಿರ ನಿಂತಿದ್ದ.

"ಆಂಜನ್ ಸಾರ್ ಅವ್ರೇನಮ್ಮಾ?"

ದನಿ ಗುರುತು ಹತ್ತಿತು. "ಅವ್ವಾ, ಈಗ ಎಲ್ಲರಿಗೂ ಗೊತ್ತು. ಸೊಟ್ಟಕೊಂಬಿನ ರಾಮಾಂಜಿ ಇದಾನಾ ಅಂತ್ಲೇ ಕೇಳಿ" ಎಂದೆ.

"ಬ್ಯಾಡ ಕಣಮ್ಮ" ಎಂದಳು ಆಯಮ್ಮ. "ಪಕ್ಕದಾಗೆ ಯಾರಾನ ಇರ್ತಾರೆ. ಮಗೀಗೆ ನಾಚ್ಕೆ ಆಗ್ತೈತೆ."

ಹಳೆಯ ಫೋನು, ಮಾತು ಹೊರಗೆ ಕೇಳಿಸುತ್ತದೆ. ಅವನು ಬಂದು ರಿಸೀವರ್ ಇಸಿದುಕೊಂಡು ಕಿವಿಗೆ ಹಿಡಿದ. ಅದರ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತ. ಆ ಕಡೆಯವಳು ಸ್ವಲ್ಪ ಕಾದಳು. ಇವನ ಪಕ್ಕದಲ್ಲಿ ಯಾರೋ ಇದ್ದಾರೆ ಎಂದುಕೊಂಡಿರಬೇಕು. "ಬಿಡುವಿಲ್ಲ ಅಂದ್ರೆ ಇರ್ಲಿ ಸಾರ್, ಆಮ್ಯಾಕೆ ಮಾಡ್ತೀನಿ" ಎಂದು ಫೋನಿಟ್ಟಳು.